ತೊಳೆಸಬೇಕಾಗಿದ್ದ ರೋಲು

ನಮ್ಮ ಮನೆಯ ಗೋಡೆ ಮೇಲೆ ಹಾರ ಹಾಕಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಚಿಕ್ಕಪ್ಪ ಇದ್ದಾನೆ, ಸೋದರತ್ತೆ ಇದ್ದಾಳೆ, ಅವ್ವನ ತವರಿನ ಕಡೆಯ ಯಾರೋ ಒಬ್ಬ ಬೊಚ್ಚುಬಾಯಿ ಮುದುಕನೂ ಇದ್ದಾನೆ. ಅಪ್ಪ ಇಲ್ಲ, ಅವ್ವನೂ ಇಲ್ಲ. ಬಂದವರು ಕೇಳಿದರೆ, "ಅವರಿಗೆ ಫೋಟೊ ಅಂದ್ರೆ ಆಗ್ತಿರಲಿಲ್ಲ ಕಣ್ರೀ" ಅಂದು ಮಾತು ತಿರುಗಿಸುತ್ತೇನೆ. ಅದು ಪೂರಾ ಸುಳ್ಳಲ್ಲ, ಪೂರಾ ನಿಜವೂ ಅಲ್ಲ. ಉಳಿದದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೇಳಿಕೊಳ್ಳುವಂಥ ಘನಕಾರ್ಯವನ್ನೇನೂ ನಾನು ಮಾಡಿರಲಿಲ್ಲ.

ಅಪ್ಪ ಹುಣಸಮಾರನಹಳ್ಳಿ ಕೆರೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೀರ್ಮಾನ ಮಾಡುವುದು, ಮಳೆ ಜೋರಾದಾಗ ಏರಿ ಉದ್ದಕ್ಕೂ ನಡೆದು ಎಲ್ಲಿ ಒಸರುತ್ತಿದೆ ನೋಡುವುದು ಅವನ ಕೆಲಸ. ನಮ್ಮ ತಾತನೂ ಅದನ್ನೇ ಮಾಡಿಕೊಂಡಿದ್ದವನು. ಒಂದು ಸಲ ಕೆರೆ ನೋಡಲು ಬಂದ ಯಾವನೋ ದೊರೆ ತಾತನನ್ನು ತೂಬಿನ ಪಕ್ಕ ನಿಲ್ಲಿಸಿ ಫೋಟೊ ಹಿಡಿದನಂತೆ. ಆ ವರ್ಷ ತುಂಬುವುದರೊಳಗೆ ತಾತ ಹೋಗಿಬಿಟ್ಟನಂತೆ. ಅಲ್ಲಿಂದಾಚೆಗೆ ಫೋಟೊ ಹಿಡಿಸಿಕೊಂಡರೆ ಆಯಸ್ಸು ಅದರೊಳಕ್ಕೆ ಹೋಗುತ್ತದೆ ಅನ್ನುವುದು ಅಪ್ಪನ ತಲೆಯಲ್ಲಿ ಕಲ್ಲಾಗಿ ಕೂತುಬಿಟ್ಟಿತ್ತು. ನಮ್ಮಕ್ಕನ ಮದುವೆಯಲ್ಲಿ ಫೋಟೊದವನು ಬಂದ ತಕ್ಷಣ, ಹೆಣ್ಣಿನ ತಂದೆ ಅನ್ನಿಸಿಕೊಂಡವನು ಚಪ್ಪರದ ಹಿಂದೆ ಅನ್ನ ಬಸಿಯುವವರ ಜೊತೆ ಹೋಗಿ ಕೂತಿದ್ದ. ಹುಡುಕಿ ಹುಡುಕಿ ಸಾಕಾಗಿ, ಅವನಿಲ್ಲದೆಯೇ ಫೋಟೊ ತೆಗೆಸಿದ್ದಾಯ್ತು.

ಅಂಥವನ ಹೊಟ್ಟೆಯಲ್ಲಿ ನನ್ನಂಥ ಫೋಟೊ ಹುಚ್ಚಿನವನು ಹುಟ್ಟಿದ. ಎಪ್ಪತ್ತರ ದಶಕದ ನಡುವೆ ನನಗೆ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ದಿನಾ ಸೈಕಲ್ಲಿನಲ್ಲಿ ಯಲಹಂಕಕ್ಕೆ ಬಂದು ಅಲ್ಲಿಂದ ಕಾರ್ಖಾನೆ ಬಸ್ಸು. ರಜಾ ದಿನ ಬಂದರೆ ಯಶವಂತಪುರದಲ್ಲಿ ಸ್ಟುಡಿಯೋ ಇಟ್ಟಿದ್ದ ಒಬ್ಬ ಭಾಯಿಯ ಹತ್ತಿರ ಹೋಗಿ ಕೂರುತ್ತಿದ್ದೆ. ಮನೆಯಲ್ಲಿ ದಖನಿ ಮಾತಾಡುವ ಮನುಷ್ಯ, ನನ್ನ ಹತ್ತಿರ ಅರ್ಧ ಕನ್ನಡ ಅರ್ಧ ಅದು. ಅವನ ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತು ನಾನು ಕಲಿತ ವಿದ್ಯೆ ಅಷ್ಟಿಷ್ಟಲ್ಲ. ಆಗೆಲ್ಲ ನಾವು ಡೆವಲಪ್ ಅನ್ನುತ್ತಿರಲಿಲ್ಲ. ರೋಲ್ ತೊಳೆಯುವುದು, ರೋಲ್ ತೊಳೆಸುವುದು, ಅಷ್ಟೇ. "ರೋಲ್ ಮುಗೀತಾ? ತಂದ್ಬಿಡು ಗುರು, ತೊಳ್ದ್‌ಬಿಡ್ತೀನಿ" ಅನ್ನುತ್ತಿದ್ದ ಭಾಯಿ. ಎಲ್ಲರೂ ಹಾಗೇ ಅನ್ನುತ್ತಿದ್ದರು.

ಕೆಲಸಕ್ಕೆ ಸೇರಿ ಕೆಲವು ವರ್ಷಕ್ಕೆ ನನಗೆ ಎಲ್‌ಟಿಸಿ ಬಂತು. ಮನೆಯವರನ್ನು ಕರೆದುಕೊಂಡು ಊರು ಸುತ್ತಿ ಬರಲು ಕಾರ್ಖಾನೆಯೇ ಕೊಡುವ ಪ್ರಯಾಣದ ಖರ್ಚು. ನನಗಿನ್ನೂ ಮದುವೆಯಾಗಿರಲಿಲ್ಲ. ಅಪ್ಪ ಅವ್ವನನ್ನು ಗೋಕರ್ಣಕ್ಕೆ ಕರೆದುಕೊಂಡು ಹೋಗುವುದು ಅಂತ ತೀರ್ಮಾನ ಮಾಡಿದೆ. ಅವರಿಗೆ ದೇವಸ್ಥಾನ, ನನಗೆ ಸಮುದ್ರ. ಭಾಯಿ ತನ್ನ ಡಬ್ಬಾ ಕ್ಯಾಮೆರಾ ಕೊಟ್ಟ, ಒಂದು ರೋಲು ಹಾಕಿಕೊಟ್ಟ. ಹನ್ನೆರಡು ಫೋಟೊ. "ಮೋಡ ಇದ್ರೆ ಡರ್‌ಬ್ಯಾಡ. ಈ ಮೋಡದ ಗುರ್ತಿಗೆ ಕಡ್ಡಿ ತಳ್ಳು. ಬಿಸಿಲಿಗಿಂತ ಮೋಡದಾಗೆ ಮುಖ ಚೆನ್ನಾಗ್ ಬರ್ತೈತೆ, ಕಣ್ ಕೆಳಗೆ ಕಪ್ಪು ಬೀಳಲ್ಲ" ಅಂದ.

ಮೇ ತಿಂಗಳ ಕೊನೆ. ನಾವು ಗೋಕರ್ಣದಲ್ಲಿ ಬಸ್ಸಿಳಿದ ದಿನ ಬಿಸಿಲಿನ ಸುಳಿವೇ ಇರಲಿಲ್ಲ. ಪಡುವಣ ದಿಕ್ಕು ಪೂರಾ ಬೂದಿ ಬಣ್ಣ. ದೇವಸ್ಥಾನ ಮುಗಿಸಿ ಸಮುದ್ರದ ಕಡೆ ಹೊರಟೆವು. ಗಾಳಿ ಎಂಥದ್ದು ಅಂತೀರಿ, ಮರಳು ಎದ್ದು ಕಾಲಿಗೆ ಚುಚ್ಚುತ್ತಿತ್ತು. ಅವ್ವ ಎರಡು ಕೈಯಲ್ಲೂ ಸೆರಗು ಹಿಡಿದುಕೊಂಡು, "ಇದೇನಪ್ಪ ಇಂಗೆ, ಸೀರೆ ಬಿಚ್ಕೊಂಡ್ ಓಗೋ ಅಂಗೈತೆ" ಅಂತ ಬೈದುಕೊಂಡೇ ಬಂದಳು. ಅಪ್ಪ ನೀರು ಕಂಡ ಜಾಗದಲ್ಲಿ ನಿಂತುಬಿಟ್ಟ.

ಕತ್ತು ಹೊರಳಿಸಿ ಎರಡೂ ಕಡೆ ನೋಡಿ ಕೇಳಿದ: "ಏರಿ ಎಲ್ಲೈತ್ಲಾ ಇದಕ್ಕೆ?"

"ಏರಿ ಇಲ್ಲಪ್ಪ. ಸಮುದ್ರಕ್ಕೆ ಎಲ್ಲಾದ್ರೂ ಏರಿ ಇರತ್ತಾ?"

"ತೂಬು?"

"ತೂಬೂ ಇಲ್ಲ."

"ಮತ್ತೆ ಇದನ್ನ ನೋಡ್ಕಳೋರ್ ಯಾರು?" ಅಂದ. ನನಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. ಒಬ್ಬ ನೀರುಗಂಟಿಯೂ ಇಲ್ಲದೆ ಇಷ್ಟು ನೀರು ಬಿದ್ದುಕೊಂಡಿದೆಯಲ್ಲ ಅನ್ನುವುದು ಅವನಿಗೆ ನಿಜವಾಗಿಯೂ ಚಿಂತೆಯ ವಿಷಯವಾಗಿತ್ತು.

ದಡಕ್ಕೆ ಎಳೆದು ಹಾಕಿದ್ದ ಒಂದು ದೋಣಿಯ ಮರೆಯಲ್ಲಿ ಅವರಿಬ್ಬರನ್ನೂ ಕೂರಿಸಿ ನಾನು ದಂಡೆಗುಂಟ ಹೊರಟೆ. ಮೊದಲ ಸಲ ಸಮುದ್ರ, ಕೈಯಲ್ಲಿ ಕ್ಯಾಮೆರಾ, ಕೇಳಬೇಕೆ! ದೋಣಿಯ ಮೂತಿ ಒಂದು. ಬಲೆ ಸುತ್ತುತ್ತಿದ್ದವರ ಬೆನ್ನು ಒಂದು. ಗಾಳಿಗೆ ಬಾಗಿದ ಸರ್ವೆ ಮರಗಳ ಸಾಲು ಒಂದು. ಒಡೆದ ಇನ್ನೊಂದು ದೋಣಿ, ಅದರ ಪಕ್ಕೆಲುಬುಗಳ ನಡುವೆ ಆಕಾಶ. ಏಡಿ ನಡೆದ ಗುರುತಿಗೂ ಒಂದು ಹಾಳು ಮಾಡಿದೆ ಅಂದರೆ ನನ್ನ ತಲೆ ಎಲ್ಲಿತ್ತು ನೋಡಿ. ಒಂದೊಂದು ಸಲವೂ ಕೀ ತಿರುಗಿಸಿ, ಹಿಂದಿನ ಕೆಂಪು ಗಾಜಿನಲ್ಲಿ ಮುಂದಿನ ನಂಬರು ಬರುವುದನ್ನು ಬಗ್ಗಿ ನೋಡುವುದು. ಗಾಳಿಗೆ ನೀರಿನ ಹನಿ ಹಾರಿ ಗಾಜಿಗೆ ಕೂರುತ್ತಿತ್ತು, ಅಂಗಿ ತುದಿಯಲ್ಲಿ ಒರೆಸಿಕೊಳ್ಳುವುದು. ಯಾವುದೋ ದೊಡ್ಡ ಕಲಾವಿದ ಬಂದು ಇಳಿದಿದ್ದಾನೆ ಅನ್ನುವ ಪೊಗರು ನನಗೆ. ಹೀಗೆ ಮೈಲಿಗಟ್ಟಲೆ ನಡೆದು ವಾಪಸ್ ಬಂದಾಗ ಕೆಂಪು ಗಾಜಿನಲ್ಲಿ ಹತ್ತು ಅಂತ ಬಂದಿತ್ತು. ಉಳಿದಿದ್ದು ಮೂರೇ.

ಅಪ್ಪ ಅಷ್ಟರಲ್ಲಿ ದೋಣಿ ಬಿಟ್ಟು ನೀರಿನ ಅಂಚಿಗೆ ಹೋಗಿ ನಿಂತಿದ್ದ. ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿದ್ದ. ತಲೆಯ ರುಮಾಲು ಗಾಳಿಗೆ ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. ನನ್ನನ್ನು ನೋಡಿ ಕೂಗಿದ:

"ಏಯ್, ಇಡಿಯೋ ನನ್ನ ಪೋಟ."

ನನಗೆ ನಂಬಿಕೆಯಾಗಲಿಲ್ಲ. "ಏನಂದೆ?"

"ಕಿವಿ ಕೇಳಾಕಿಲ್ವ? ಈ ನೀರಿನ್ ಜತೇಗೆ ನನ್ನ ಇಡಿ ಅಂದೆ. ಊರಾಗೆ ಏಳುದ್ರೆ ಯಾವನ್ ನಂಬ್ತಾನೆ?"

"ಆಯಸ್ಸು ಹೋಗತ್ತೆ ಅಂತಿದ್ದೆ?" ಅಂತ ಕಿಚಾಯಿಸಿದೆ.

"ಇಷ್ಟು ನೀರ್ ನೋಡಿದ್ ಮ್ಯಾಲೆ ಓದ್ರೂ ಓಗ್ಲಿ ಬಿಡು" ಅಂದ.

ಹತ್ತನೆಯದು ಅವನೊಬ್ಬನೇ, ಎದುರಿಗೆ. ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಂತ. ಹನ್ನೊಂದನೆಯದರ ಹೊತ್ತಿಗೆ ಅಲೆ ಬಂದು ಕಾಲು ಸೆಳೆಯಿತು, ಬೀಳುವ ಹಾಗಾಗಿ ತಾನೇ ನಕ್ಕುಬಿಟ್ಟ. ಆ ನಗುವಿಗೆ ಸರಿಯಾಗಿ ಒತ್ತಿದೆ, ಸಿಕ್ಕೇ ಸಿಕ್ಕಿತು ಅಂತ ಗೊತ್ತಾಯಿತು. ಆಮೇಲೆ ಅವ್ವನ ಕಡೆ ತಿರುಗಿ, "ಬಾರೇ ಇಲ್ಲಿ, ಅಲ್ಲೇನ್ ಮಾಡ್ತೀಯ" ಅಂದ. ಅವ್ವ ನಾಚಿಕೊಂಡು, ಸೆರಗು ಬಿಗಿ ಮಾಡಿಕೊಂಡು ಬಂದು ಒಂದು ಮಾರು ದೂರ ನಿಂತಳು. ಅವನೇ ಮುಂಗೈ ಹಿಡಿದು ಎಳೆದುಕೊಂಡ. ನಾನು ಹುಟ್ಟಿದಾಗಿನಿಂದ ಅವನು ಅವಳ ಕೈ ಹಿಡಿದದ್ದನ್ನು ನೋಡಿದ್ದು ಅದೇ ಮೊದಲು, ಅದೇ ಕೊನೆ. ಹನ್ನೆರಡು. ಕೀ ತಿರುಗಿಸಿದೆ, ರೋಲು ಮುಗಿಯಿತು.

ಊರಿಗೆ ಬಂದೆವು. ನಾನು ರೋಲನ್ನು ಗೋಡೆಯ ಗೂಡಿನಲ್ಲಿಟ್ಟು, "ಅವ್ವ, ಹುಷಾರು, ಇದನ್ನ ತೊಳೆಸ್ಬೇಕು" ಅಂತ ಹೇಳಿ ಫಸ್ಟ್ ಶಿಫ್ಟಿಗೆ ಓಡಿದೆ. ಎರಡು ಮೂರು ದಿನದಲ್ಲಿ ಯಶವಂತಪುರಕ್ಕೆ ಹೋಗಿ ಕೊಟ್ಟುಬರುವುದು ಅಂತ ಲೆಕ್ಕ. ಆ ವಾರ ಓಟಿ ಬಂತು. ಮುಂದಿನ ವಾರ ಒಬ್ಬನ ಬದಲಿಗೆ ಎರಡು ಶಿಫ್ಟು ಮಾಡಬೇಕಾಯಿತು. ಅದರ ಮುಂದಿನ ಭಾನುವಾರ ಯಶವಂತಪುರಕ್ಕೇ ಹೋಗಿದ್ದೆ, ಸ್ನೇಹಿತರ ಜೊತೆ ಮ್ಯಾಟಿನಿ ನೋಡೋಕೆ. ರೋಲು ಗೂಡಿನಲ್ಲೇ ಇತ್ತು. ಜೇಬಿಗೆ ಹಾಕಿಕೊಂಡು ಹೋಗಿದ್ದರೆ ಆಗಿತ್ತು. ಇದನ್ನು ನಾನು ಎಷ್ಟು ಸಲ ನನಗೇ ಹೇಳಿಕೊಂಡಿದ್ದೇನೋ, ಲೆಕ್ಕ ಇಟ್ಟಿಲ್ಲ.

ಅಪ್ಪ ಊರಿಗೆಲ್ಲ ಡಂಗುರ ಹೊಡೆದು ಆಗಿತ್ತು. ಏರಿ ಮೇಲೆ ಸಿಕ್ಕಿದವರಿಗೆಲ್ಲ ಸಮುದ್ರದ ವರ್ಣನೆ. "ಪೋಟ ಬರ್ಲಿ, ತೋರುಸ್ತೀನಿ" ಅನ್ನುವುದು. ನಾನು ಸೈಕಲ್ ಇಳಿಯುವುದೇ ತಡ, "ಬಂತೇನ್ಲಾ?" ಅನ್ನುವುದು. ತನ್ನ ಮುಖವನ್ನು ಕ್ಷೌರದವನ ಕನ್ನಡಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರದವನು, ಚಿಕ್ಕ ಮಗುವಿನ ಹಾಗೆ ಕಾಯುತ್ತಿದ್ದ. ನಾನು "ಇನ್ನೂ ಇಲ್ಲ ಕಣಪ್ಪ, ತೊಳೆಸ್ಬೇಕು" ಅನ್ನುವುದು. ದಿನಾ ಇದೇ. ಒಲೆ ಮುಂದೆ ಕೂತ ಅವ್ವ ಅವನ ಮುಖ ಸಪ್ಪಗಾಗುವುದನ್ನು ದಿನಾ ನೋಡುತ್ತಿದ್ದಳು. ಹಾಳಾದವನಿಗೆ ನನಗೆ ಅದು ಕಾಣಲಿಲ್ಲ.

ಒಂದು ದಿನ ಸಂಜೆ ಐದರ ಸುಮಾರಿಗೆ ಮನೆಗೆ ಬಂದೆ. ಅಪ್ಪ ಅವ್ವ ಇಬ್ಬರೂ ಹಿತ್ತಲಲ್ಲಿ ಹುಣಸೆ ಮರದ ನೆರಳಿಗೆ ಕೂತಿದ್ದರು, ಮುಖ ಮೇಲೆತ್ತಿಕೊಂಡು. ಅಪ್ಪ ಅಕ್ಕನ ಮದುವೆಯ ಅಂಗಿ ಹಾಕಿಕೊಂಡಿದ್ದ. ಬಟ್ಟೆ ಒಣಹಾಕುವ ಹಗ್ಗದಿಂದ ಮಾಸಿದ ಕೆನೆ ಬಣ್ಣದ ಒಂದು ಪಟ್ಟಿ ತೂಗಾಡುತ್ತಿತ್ತು. ಏನದು ಅಂತ ನನಗೆ ಮೊದಲು ಹೊಳೆಯಲೇ ಇಲ್ಲ.

"ಬಾರಪ್ಪ ಬಾ" ಅಂದಳು ಅವ್ವ, ಮುಖ ತುಂಬ ನಗು. "ತೊಳ್ಸೋಕೆ ನಿಂಗೆಲ್ಲಿ ಪುರ್ಸೊತ್ತು ಐತೆ? ಅದಕ್ಕೆ ನಾನೇ ತೊಳ್ದೆ. ಸೋಪ್ ಆಕ್ಲಿಲ್ಲ ಕಣೋ, ಸೀಗೇಪುಡಿ ಆಕ್ದೆ, ರೇಷ್ಮೆ ಸೀರೆಗೆ ಆಕೋ ಅಂಗೆ. ಕರೀ ಕಾಗ್ದ ಸುತ್ತಿತ್ತು, ಅದನ್ನ ಬಿಚ್ಚಿ ಮೂರ್ ಸತಿ ನೀರಾಗೆ ಅದ್ದಿದೆ. ಇನ್ನೂ ಏನೂ ಕಾಣ್ತಿಲ್ಲ."

"ಒಣಗಿದ್ ಮ್ಯಾಲೆ ಕಾಣ್ತೈತೆ" ಅಂದ ಅಪ್ಪ.

ಮಧ್ಯಾಹ್ನದಿಂದ ಅವರು ಹಾಗೇ ಕೂತಿದ್ದರಂತೆ, ತಾವು ಕಾಣಿಸಿಕೊಳ್ಳಲಿ ಅಂತ.

ನನ್ನ ಮೈಯೆಲ್ಲ ಉರಿದುಹೋಯಿತು. ಪಟ್ಟಿಯನ್ನು ಕಿತ್ತುಕೊಂಡು ಆಕಾಶಕ್ಕೆ ಹಿಡಿದೆ. ಈ ತುದಿಯಿಂದ ಆ ತುದಿಗೆ ಏನೂ ಇಲ್ಲ. ಬೆಳಕು ಬಿದ್ದ ಗಳಿಗೆಯಲ್ಲೇ ಎಲ್ಲ ಮುಗಿದಿತ್ತು, ನೀರಿಗೆ ಹಾಕುವ ಮೊದಲೇ. ಅದನ್ನಾದರೂ ಹೇಳಬಹುದಿತ್ತು. ಅಥವಾ ಮೂರು ವಾರ ಗೂಡಿನಲ್ಲಿಟ್ಟ ನನ್ನ ಸೋಮಾರಿತನವನ್ನು ನಾನೇ ಉಗಿದುಕೊಳ್ಳಬಹುದಿತ್ತು. ನಾನು ಅವ್ವನ ಮೇಲೆ ಹಾರಿಬಿದ್ದೆ. ಹಳ್ಳಿ ಗಮಾರಿ ಅಂದೆ. ಬುದ್ಧಿ ಲದ್ದಿ ತಿನ್ನೋಕೆ ಹೋಗಿತ್ತಾ ಅಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅಷ್ಟಕ್ಕೂ ಸಾಲದು ಅನ್ನಿಸಿ, ಕೊನೆಗೆ, "ಅಪ್ಪನ್ನೇ ತೊಳೆದು ಬಚ್ಚಲಿಗೆ ಚೆಲ್ಲಿಬಿಟ್ಟೆಯಲ್ಲೇ!" ಅಂದೆ. ನನ್ನ ನಾಲಗೆ ಆಗಲೇ ಬಿದ್ದುಹೋಗಬಾರದಿತ್ತೇ.

ಅವ್ವ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದಳು, ಕೈ ಒಣಗಿ ಎಷ್ಟೋ ಹೊತ್ತಾಗಿದ್ದರೂ. ಅಪ್ಪನೇ ಎದ್ದು ಬಂದು ನನ್ನ ಭುಜಕ್ಕೆ ಒಂದು ಗುದ್ದಿದ. "ಯಾಕ್ಲಾ ಅಂಗೆ ಎಗರಾಡ್ತೀಯ? ಇನ್ನೊಂದ್ ಕಿತ ಓದ್ರಾಯ್ತು. ಸಮುದ್ರ ಎಲ್ ಓಗ್ತೈತೆ? ತೂಬೇ ಇಲ್ವಲ್ಲ ಅದಕ್ಕೆ" ಅಂದ. ಹೇಳಿದ್ದೇನೋ ನಗುತ್ತಲೇ. ಆದರೆ ಒಳಗೆ ಹೋಗಿ ಮದುವೆಯ ಅಂಗಿಯನ್ನು ಬಿಚ್ಚಿ, ಮಡಿಸಿ ಟ್ರಂಕಿನಲ್ಲಿಟ್ಟದ್ದನ್ನು ನಾನು ಬಾಗಿಲಿನಿಂದ ನೋಡಿದೆ.

ಮಾರನೆಯ ದಿನ ಪಟ್ಟಿಯನ್ನು ಸುತ್ತಿಕೊಂಡು ಭಾಯಿಯ ಹತ್ತಿರ ಹೋದೆ, ಏನಾದರೂ ಉಳಿದಿರಬಹುದೇ ಅನ್ನುವ ಹುಚ್ಚು ಆಸೆ. ಅವನು ಬೆಳಕಿಗೆ ಹಿಡಿದು ನೋಡಿದ. ಮೂಗಿನ ಹತ್ತಿರ ಹಿಡಿದ. "ಸೀಗೇಕಾಯಿ" ಅಂದ. ನಗುತ್ತಾನೇನೋ ಅಂದುಕೊಂಡೆ, ನಗಲಿಲ್ಲ. "ಅಮ್ಮಾನ ಬೈಬ್ಯಾಡ ಗುರು. ತೊಳೆಯೋದು ತೊಳೆಯೋದು ಅಂತ ನಾವೇ ತಾನೆ ಬಡ್ಕೊಂಡಿದ್ದು? ಅವರು ತೊಳ್ದವ್ರೆ" ಅಂದ. ಆಗಲೇ ಬೈದು ಮುಗಿಸಿ ಬಂದಿದ್ದೆ ನಾನು.

ಅಪ್ಪನನ್ನು ಸ್ಟುಡಿಯೋಗೆ ಬಾ ಅಂತ ಕರೆದೆ. ಬರಲಿಲ್ಲ. "ಪರದೆ ಮುಂದೆ ನಿಂತ್ಕೊಳಾಕೆ ನಾನೇನ್ ನಾಟಕದೋನಾ?" ಅಂದ. ನಮ್ಮ ಕೆರೆ ಹತ್ತಿರವೇ ತೆಗೆಯುತ್ತೇನೆ ಅಂದೆ. "ಕೆರೆ ದಿನಾ ನೋಡ್ತೀನಲ್ಲ. ಆ ನೀರಿನ್ ಜತೇಗೇ ಆಗ್ಬೇಕು" ಅಂದ. ಮುಂದಿನ ಎಲ್‌ಟಿಸಿ ಬರಲಿ, ಖಂಡಿತ ಹೋಗೋಣ ಅಂತ ಮಾತು ಕೊಟ್ಟೆ.

ಆ ವರ್ಷ ದೀಪಾವಳಿ ಕಳೆದು ಎರಡು ವಾರಕ್ಕೆ, ಬೆಳಿಗ್ಗೆ ಏರಿ ಮೇಲೆ ಹೋದವನು ಎದೆ ಹಿಡಿದುಕೊಂಡು ಅಲ್ಲೇ ಕೂತನಂತೆ. ಜನ ಓಡಿ ಹೋಗುವುದರೊಳಗೆ ಮುಗಿದಿತ್ತು. ಸುದ್ದಿ ತಿಳಿದು ಭಾಯಿ ಕ್ಯಾಮೆರಾ ಹಿಡಿದುಕೊಂಡು ಬಸ್ಸಿನಲ್ಲಿ ಬಂದ. ಆಗೆಲ್ಲ ನಮ್ಮ ಕಡೆ ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಾರ ಹಾಕಿ ಫೋಟೊ ತೆಗೆಸುತ್ತಿದ್ದರು. ಎಷ್ಟೋ ಮನೆಯಲ್ಲಿ ಹಿರಿಯರದು ಅಂತ ಇದ್ದದ್ದು ಅದೊಂದೇ ಫೋಟೊ. ಭಾಯಿ ಕ್ಯಾಮೆರಾ ತೆರೆಯುವುದಕ್ಕೂ ಅವ್ವ ಎದ್ದು ಬಂದು ಅಪ್ಪನ ಮುಖದ ಮೇಲೆ ಪಂಚೆ ಎಳೆಯುವುದಕ್ಕೂ ಸರಿಹೋಯಿತು. ಯಾರು ಎಷ್ಟು ಹೇಳಿದರೂ ತೆಗೆಯಲು ಬಿಡಲಿಲ್ಲ. ನನ್ನ ಮೇಲಿನ ಸಿಟ್ಟು ಅಂದುಕೊಂಡೆ ನಾನು. ಸಿಟ್ಟು ಮಾಡಿಕೊಳ್ಳಲಿ, ನ್ಯಾಯವೇ ಅಂದುಕೊಂಡೆ.

ಅದಾದ ಮೇಲೆ ಏಳೆಂಟು ವರ್ಷ ಆ ರೋಲಿನ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ಕ್ಷಮಿಸು ಅನ್ನಬೇಕು ಅಂತ ಸಾವಿರ ಸಲ ಅನ್ನಿಸಿತು. ನಮ್ಮಲ್ಲಿ ತಾಯಿಗೆ ಯಾರು ಕ್ಷಮಿಸು ಅನ್ನುತ್ತಾರೆ? ಒಂದು ಸೀರೆ ತಂದುಕೊಟ್ಟರೆ ಹೇಳಿದ ಹಾಗೆಯೇ ಅಂತ ಸಮಾಧಾನ ಮಾಡಿಕೊಂಡೆ. ನನಗೆ ಮದುವೆಯಾಯಿತು, ಕಾರ್ಖಾನೆಯ ಕ್ವಾರ್ಟರ್ಸ್ ಸಿಕ್ಕಿ ಜಾಲಹಳ್ಳಿಗೆ ಬಂದೆವು, ಅವ್ವನೂ ಜೊತೆಗೆ ಬಂದಳು. ಮಗಳು ಹುಟ್ಟಿದಳು. ಸ್ವಂತದ್ದೊಂದು ಕ್ಯಾಮೆರಾವನ್ನೂ ಕೊಂಡುಕೊಂಡೆ.

ಮಗುವಿಗೆ ಐದು ತಿಂಗಳಾದಾಗ ಒಂದು ಬೆಳಿಗ್ಗೆ, ಕ್ವಾರ್ಟರ್ಸಿನ ಮುಂದಿನ ಮೆಟ್ಟಿಲ ಮೇಲೆ ಅವ್ವ ಅದನ್ನು ತೊಡೆಯಲ್ಲಿ ಕೂರಿಸಿಕೊಂಡಿದ್ದಳು. ನಾನು ಕ್ಯಾಮೆರಾ ಎತ್ತಿದೆ. ಅವ್ವ ತಟಕ್ಕನೆ ಸೆರಗಿನಲ್ಲಿ ಮಗುವನ್ನು ಮುಚ್ಚಿಕೊಂಡಳು.

"ಬ್ಯಾಡ. ನನ್ ಕೈಲಿ ಇರುವಾಗ ಬ್ಯಾಡ. ನಿನ್ನೆಂಡ್ತಿ ಎತ್ಕೊಳ್ಳಿ, ಆಗ ಇಡ್ಕೋ."

"ಅದ್ಯಾಕವ್ವ?" ಅಂದೆ. ಹಳೇ ಕೋಪ ಎಲ್ಲಿಗೆ ಹೋಗುತ್ತೆ, ದನಿ ಸ್ವಲ್ಪ ಏರಿಯೇ ಇತ್ತು.

"ನನ್ ಕೈ ನೆಟ್ಟಗಿಲ್ಲ ಕಣಪ್ಪ. ನಿಮ್ಮಪ್ಪನ ಆಯಸ್ಸು ಆ ರೋಲ್ನಾಗೆ ಇತ್ತು. ಅವ್ರು ಏಳ್ತಾನೇ ಇದ್ರು, ಪೋಟದಾಗೆ ಓಗ್ತೈತೆ ಅಂತ. ನಾನು ಅದನ್ನ ತೊಳ್ದು ಬಚ್ಚಲಿಗೆ ಚೆಲ್ಲಿದೆ. ಆರ್ ತಿಂಗ್ಳೂ ಇರ್ಲಿಲ್ಲ ಅವ್ರು."

ಅಷ್ಟು ವರ್ಷ ಈ ಹೆಂಗಸು ನನಗೆ ರೊಟ್ಟಿ ತಟ್ಟಿ ಕೊಟ್ಟಿದ್ದಾಳೆ, ಜ್ವರ ಬಂದರೆ ಹಣೆಗೆ ಪಟ್ಟಿ ಹಾಕಿದ್ದಾಳೆ, ಗಂಡನನ್ನು ಕೊಂದವಳು ತಾನೇ ಅಂದುಕೊಂಡು. ಅವಳ ತಲೆಗೆ ಅದನ್ನು ಹಾಕಿದವನು ನಾನು.

ಕ್ಯಾಮೆರಾ ಪಕ್ಕಕ್ಕಿಟ್ಟು ಅವಳ ಕಾಲ ಹತ್ತಿರ ಕೂತೆ. ಎಲ್ಲವನ್ನೂ ಬಿಡಿಸಿ ಹೇಳಿದೆ. ರೋಲಿಗೆ ಒಂದು ಮದ್ದು ಬಳಿದಿರುತ್ತಾರೆ, ಬೆಳಕು ಬಿದ್ದರೆ ಅದು ಕೆಡುತ್ತೆ, ಕತ್ತಲೆ ಕೋಣೆಯಲ್ಲಿ ಬೇರೆ ಔಷಧಿಗೆ ಹಾಕುವುದನ್ನೇ ನಾವು ತೊಳೆಯೋದು ಅನ್ನೋದು. ಆಯಸ್ಸು ಗೀಯಸ್ಸು ಅದರಲ್ಲಿ ಏನೂ ಇರಲ್ಲ. ಅಪ್ಪನಿಗೆ ಎದೆನೋವು ಮುಂಚೆಯೇ ಇತ್ತು. ತಪ್ಪು ನಂದು, ಮೂರು ವಾರ ಗೂಡಿನಲ್ಲಿಟ್ಟವನು ನಾನು, ಸಿನಿಮಾಕ್ಕೆ ಹೋದವನು ನಾನು, ಆವತ್ತು ಬಾಯಿಗೆ ಬಂದದ್ದು ಅಂದುಬಿಟ್ಟೆ, ಅದನ್ನ ಮನಸ್ಸಲ್ಲಿ ಇಟ್ಕೋಬೇಡ ಅಂದೆ. ಅಳು ಬಂತು, ಹೆಂಡತಿ ನೋಡುತ್ತಿದ್ದರೂ ನಾಚಿಕೆಯಾಗಲಿಲ್ಲ.

ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಒಂದು ಕೈಯಿಂದ ನನ್ನ ಕೆನ್ನೆ ಒರೆಸಿದಳು.

"ನೀನು ಓದ್ದೋನು" ಅಂದಳು. "ಆವತ್ತು ಕೋಪದಾಗೆ ನಿಜ ಏಳ್ದೆ. ಈಗ ನನ್ ಮ್ಯಾಲೆ ಕನಿಕರ, ಅದಕ್ಕೆ ಇಂಗಂತೀಯ. ಇರ್ಲಿ ಬಿಡಪ್ಪ."

ಮಗುವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಅವ್ವ ಒಳಗೆ ಹೋದಳು.